ಗುಡ್ಡ ಹೊತ್ತವನ ಅಕೌಂಟೆನ್ಸಿ

ಹೊನ್ನೂರುಸ್ವಾಮಿ ಎರಡು ಸಲ ಫೇಲಾದದ್ದು ಗಣಿಯ ಲೆಕ್ಕದಿಂದ. ಬೇರೆ ಯಾವ ಲೆಕ್ಕದಲ್ಲಿ ಎಡವಿದ್ದರೂ ಯಶವಂತನಗರದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಎರಡು ದಶಕದಷ್ಟು ಕಾಲ ಡಂಪರ್ ಓಡಿಸಿದವರು, ಒಂದು ಗುಡ್ಡದ ಮಗ್ಗುಲನ್ನು ಹೆಚ್ಚುಕಡಿಮೆ ತಮ್ಮ ಗಾಡಿಯಲ್ಲೇ ಇಳಿಸಿದವರು ಗಣಿಯ ಲೆಕ್ಕದಲ್ಲೇ ಸೋತರು ಎಂದರೆ ಅದು ಕ್ಯಾಂಟೀನಿನಲ್ಲಿ ಚಹಾ ಆರುವವರೆಗೆ ನಡೆಯುವ ಮಾತು.

"ಹರಿಗೋಲು ನಡಿಸೋನು ಬಚ್ಚಲದಾಗ ಮುಳುಗಿದಂಗಾತಲ್ಲಲೇ" ಎಂದರು ಹುಲುಗಪ್ಪ. ಹೊನ್ನೂರುಸ್ವಾಮಿ ಸೇರಿದ ವರ್ಷವೇ ಕೆಲಸಕ್ಕೆ ಸೇರಿದ, ಈಗಲೂ ಡಂಪರ್ ಓಡಿಸುತ್ತಿರುವ ಗೆಳೆಯ ಅವರು.

ಹೊನ್ನೂರುಸ್ವಾಮಿ ನಕ್ಕರು. ನಗುವುದಕ್ಕೆ ಅವರಿಗೆ ಹೆಚ್ಚು ಕಾರಣಗಳಿರಲಿಲ್ಲ.

ಪಿಯುಸಿಯನ್ನು ಅವರು ಸಂಡೂರಿನಲ್ಲಿ ಕಾಮರ್ಸ್ ಓದಿ ಮುಗಿಸಿದ್ದರು. ಮುಂದೆ ಓದುವ ಬದಲು ಲಾರಿ ಹತ್ತಿದರು, ಲಾರಿಯಿಂದ ಡಂಪರಿಗೆ ಬಂದರು. ಡಂಪರ್ ಎಂದರೆ ಚಕ್ರವೇ ಆಳೆತ್ತರ. ಸೀಟಿಗೆ ಹೋಗಲು ಏಣಿ ಹತ್ತಬೇಕು. ಮೇಲೆ ಕುಳಿತವನಿಗೆ ಕೆಳಗಿನ ಜೀಪು ಆಟಿಕೆಯಂತೆ ಕಾಣುತ್ತದೆ. ಆ ಎತ್ತರಕ್ಕೆ ತೆರಬೇಕಾದದ್ದನ್ನು ತೆತ್ತದ್ದು ಅವರ ಬೆನ್ನು. ಹಳ್ಳ ದಿನ್ನೆಯ ದಾರಿಯಲ್ಲಿ ವರ್ಷಗಟ್ಟಲೆ ಕುಲುಕಿ ಕುಲುಕಿ ಬೆನ್ನುಮೂಳೆಯ ಕೆಳಭಾಗ ಸವೆದಿತ್ತು. ಇನ್ನು ಡಂಪರ್ ಹತ್ತಿದರೆ ಕಾಲು ನಿಮ್ಮ ಮಾತು ಕೇಳುವುದಿಲ್ಲ ಎಂದು ಡಾಕ್ಟರ್ ಹೇಳಿದರು.

ಕಂಪನಿ ಅವರನ್ನು ಪಾಳಿಯ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಹಗುರ ಕೆಲಸಕ್ಕೆ ಕೂಡಿಸಿತು. ಜೊತೆಗೆ ಒಂದು ದಾರಿಯನ್ನೂ ತೋರಿಸಿತು. ಲೆಕ್ಕಪತ್ರ ವಿಭಾಗದಲ್ಲಿ ಒಂದು ಸಹಾಯಕ ಹುದ್ದೆ ಇದೆ, ಬಿ.ಕಾಂ. ಮುಗಿಸಿ ಬಂದರೆ ಅದು ನಿಮಗೆ. ಕಾಯುವುದು ಒಂದು ಮಿತಿಯವರೆಗೆ. ಆಗದಿದ್ದರೆ ವೈದ್ಯಕೀಯ ಕಾರಣದ ಮೇಲೆ ಕೆಲಸದಿಂದ ಬಿಡುಗಡೆ. ಕೆಲಸ ಹೋದರೆ ಕ್ವಾರ್ಟರ್ಸ್ ಕೂಡ ಬಿಡಬೇಕು. ಆ ಮಿತಿ ಈಗ ಮುಂದಿನ ಪರೀಕ್ಷೆಗೆ ಬಂದು ನಿಂತಿತ್ತು. ಉಳಿದೆಲ್ಲ ವಿಷಯ ಪಾಸಾಗಿ, ಎರಡನೇ ವರ್ಷದ ಫೈನಾನ್ಷಿಯಲ್ ಅಕೌಂಟಿಂಗ್ ಒಂದೇ ಬಾಕಿ.

ಅವರ ಹೆಂಡತಿ ಶಾಂತಕ್ಕ ಇದನ್ನು ಇನ್ನೂ ಚಿಕ್ಕದಾಗಿ ಹೇಳುತ್ತಿದ್ದರು. "ಪಾಸಾದ್ರ ಆಫೀಸು, ಇಲ್ಲಂದ್ರ ಎಮ್ಮಿಗನೂರು."

ಎಮ್ಮಿಗನೂರು ಕಂಪ್ಲಿ ತಾಲ್ಲೂಕಿನ ಊರು, ಶಾಂತಕ್ಕನ ತವರು. ಕಾಲುವೆ ನೀರು, ಭತ್ತ, ಕಬ್ಬು. ಅಣ್ಣಂದಿರು ಬರಬ್ಯಾಡ ಅನ್ನುವವರಲ್ಲ. ಆದರೆ ಅಲ್ಲಿ ಇರುವುದೆಲ್ಲ ಬಗ್ಗಿ ಮಾಡುವ ಕೆಲಸ.

"ಬೆನ್ನು ಬಾಗಲಾರದ ಅಳಿಯನ್ನ ಗದ್ದಿ ಬದುವಿನ ಮ್ಯಾಲೆ ನಿಲ್ಲಿಸಿ ಗುಬ್ಬಿ ಓಡಿಸ್ತಾರೇನು?" ಎಂದು ಕೇಳಿದರು ಶಾಂತಕ್ಕ.

"ಗುಬ್ಬೀನೂ ಈಗ ಕಡಿಮಿ ಆಗ್ಯಾವ" ಎಂದರು ಹೊನ್ನೂರುಸ್ವಾಮಿ.

ಹೊಸಪೇಟೆಯ ಕಾಲೇಜಿನಲ್ಲಿ ದುಡಿಯುವವರಿಗೆಂದು ಮುಂಜಾನೆ ತರಗತಿಗಳಿವೆ. ಹೊನ್ನೂರುಸ್ವಾಮಿ ಮೊದಲ ಬಸ್ಸಿಗೆ ಹೋಗಿ, ಪಾಠ ಕೇಳಿ, ಮಧ್ಯಾಹ್ನದ ಪಾಳಿಗೆ ಗುಡ್ಡಕ್ಕೆ ಮರಳುತ್ತಿದ್ದರು. ಬಸ್ಸಿನಲ್ಲಿ ಕುಳಿತು ಬಂದ ಬೆನ್ನು ಬೆಂಚಿನ ಮೇಲೆ ಬಹಳ ಹೊತ್ತು ತಡೆಯುತ್ತಿರಲಿಲ್ಲ. ಪಾಠದ ನಡುವೆ ಎದ್ದು ಹಿಂದಿನ ಕಿಟಕಿಯ ಹತ್ತಿರ ಹೋಗಿ, ಅದರ ಕಲ್ಲಿನ ಕಟ್ಟೆಯ ಮೇಲೆ ಪುಸ್ತಕ ಇಟ್ಟು ನಿಂತೇ ಬರೆಯುತ್ತಿದ್ದರು. ಹೊಸದಾಗಿ ಬಂದ ಹುಡುಗರು ಮೇಡಂ ಇವರಿಗೆ ಶಿಕ್ಷೆ ಕೊಟ್ಟಿದ್ದಾರೆ ಎಂದುಕೊಳ್ಳುತ್ತಿದ್ದರು.

ಆ ಮೇಡಂ ಗಾಯತ್ರಿ. ಕಂಪ್ಲಿಯವರು, ಹೊನ್ನೂರುಸ್ವಾಮಿಗಿಂತ ಹತ್ತು ವರ್ಷವಾದರೂ ಚಿಕ್ಕವರು. ಮೂರನೇ ವರ್ಷದ ಪಾಠವನ್ನೂ ಮುಗಿಸಿದ್ದ ಹೊನ್ನೂರುಸ್ವಾಮಿಗೆ ಎರಡನೇ ವರ್ಷದವರ ಜೊತೆ ಮತ್ತೆ ಕೂತು ಕೇಳಲು ಅನುಮತಿ ಕೊಟ್ಟಿದ್ದರು. ಹೀಗೆ ಅವರಿಗೆ ಎರಡನೇ ವರ್ಷದ ಮಾರೇಶನ ಪರಿಚಯವಾಯಿತು. ಮಧ್ಯಾಹ್ನದ ಮೇಲೆ ಹಂಪಿ ಬಜಾರಿನ ಹತ್ತಿರ ಪ್ರವಾಸಿಗರಿಗೆ ಸೈಕಲ್ ಬಾಡಿಗೆ ಕೊಡುವ ಈ ಹುಡುಗ ಎಲ್ಲರನ್ನೂ ಮಾಮ, ಅತ್ತೆ ಎಂದೇ ಕರೆಯುತ್ತಿದ್ದ.

ಸವಕಳಿಯ ಪಾಠ ಮೊದಲ ಸಲ ಕೇಳಿದ ದಿನವನ್ನು ಹೊನ್ನೂರುಸ್ವಾಮಿ ಮರೆತಿರಲಿಲ್ಲ. ಯಂತ್ರ ಕೊಂಡ ಬೆಲೆಯನ್ನು ಅದು ದುಡಿಯುವ ವರ್ಷಗಳಿಗೆ, ಇಲ್ಲವೇ ಓಡುವ ಗಂಟೆಗಳಿಗೆ ಹಂಚುತ್ತಾರೆ. ಗುಜರಿಗೆ ಬರುವಷ್ಟು ಬೆಲೆಯನ್ನು ಮಾತ್ರ ಕೊನೆಗೆ ಉಳಿಸುತ್ತಾರೆ. ತಾವು ಕೊನೆಯಲ್ಲಿ ಓಡಿಸುತ್ತಿದ್ದ ಹಳದಿ ಡಂಪರ್ ಅವರಿಗೆ ನೆನಪಾಯಿತು. ಅದರ ಲೆಕ್ಕದ ಗಂಟೆಗಳು ಯಾವಾಗಲೋ ಮುಗಿದಿದ್ದವು. ಕಂಪನಿಯ ಪುಸ್ತಕದಲ್ಲಿ ಅದು ಕಬ್ಬಿಣದ ತುಂಡು. ಅದೇ ತುಂಡು ಮಳೆಗಾಲದಲ್ಲಿ ತುಂಬಿದ ಹೊರೆ ಹೊತ್ತು ಏರು ಹತ್ತುತ್ತಿತ್ತು.

"ಪುಸ್ತಕದಾಗ ಸತ್ತ ಗಾಡೀನ ನಾ ಮೂರು ವರ್ಷ ಓಡಿಸೀನಿ" ಎಂದು ಅವರು ಮಾರೇಶನಿಗೆ ಹೇಳಿದರು.

"ಮಾಮ, ಅದನ್ನ ಬಿಡ್ರಿ. ನಿಮ್ಮ ಬೆನ್ನಿಗೆ ಎಷ್ಟು ಪರ್ಸೆಂಟ್ ಸವಕಳಿ ಹಾಕ್ಯಾರ?"

"ಗುಜರಿ ಬೆಲಿ ಉಳಿಸ್ಯಾರಪ್ಪ. ಅದಕ್ಕ ಕಾಲೇಜಿಗೆ ಕಳಿಸ್ಯಾರ."

ನಕ್ಕರೂ ಅವರೊಳಗಿನ ಬೆರಗು ಹೋಗಿರಲಿಲ್ಲ. ಯಾರೋ ಎಲ್ಲೋ ಕುಳಿತು ಒಂದು ಯಂತ್ರ ಎಷ್ಟು ಕಾಲ ಬದುಕುತ್ತದೆ ಎಂದು ಮೊದಲೇ ಯೋಚಿಸಿರುತ್ತಾರೆ, ಅದರ ಸಾವನ್ನು ಸ್ವಲ್ಪ ಸ್ವಲ್ಪವಾಗಿ ವರ್ಷಕ್ಕಿಷ್ಟು ಎಂದು ಬರೆಯುತ್ತಾ ಹೋಗುತ್ತಾರೆ. ಈ ಯೋಚನೆ ಬಂದ ಮೇಲೆ ಅವರು ರಸ್ತೆಯ ಮೇಲಿನ ಬಸ್ಸು, ತುಂಗಭದ್ರೆಯ ಮೇಲಿನ ಸೇತುವೆ, ಕಾಲೇಜಿನ ಫ್ಯಾನು, ಎಲ್ಲವನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದರು.

ಆಮೇಲೆ ಬಂತು ಗಣಿಯ ಲೆಕ್ಕ.

ಗಣಿ ಯಂತ್ರದಂತಲ್ಲ. ಅದು ಹಳೆಯದಾಗುವುದಿಲ್ಲ, ಬರಿದಾಗುತ್ತದೆ. ಆದ್ದರಿಂದ ಅದರ ಬೆಲೆಯನ್ನು ವರ್ಷಕ್ಕೆ ಹಂಚುವುದಿಲ್ಲ, ಟನ್ನಿಗೆ ಹಂಚುತ್ತಾರೆ. ಪುಸ್ತಕದ ಲೆಕ್ಕ ಸುಲಭವಾಗಿಯೇ ಇತ್ತು. ಒಂದು ಕಂಪನಿ ಹತ್ತು ಕೋಟಿಗೆ ಗಣಿಯನ್ನು ಪಡೆಯುತ್ತದೆ. ಒಳಗೆ ಇಪ್ಪತ್ತು ಲಕ್ಷ ಟನ್ ಅದಿರು ಇದೆ ಎಂದು ಅಂದಾಜು. ಅಂದರೆ ಟನ್ನಿಗೆ ಐವತ್ತು ರೂಪಾಯಿ. ಮೊದಲ ವರ್ಷ ಎರಡು ಲಕ್ಷ ಟನ್ ಮಣ್ಣು ಸರಿಸಿ ಒಂದು ಲಕ್ಷ ಟನ್ ಅದಿರು ತೆಗೆದರು. ಹಾಗಾದರೆ ಆ ವರ್ಷ ಗಣಿಯ ಬೆಲೆಯಲ್ಲಿ ಕಳೆಯಬೇಕಾದದ್ದು ಎಷ್ಟು?

ಐವತ್ತು ಲಕ್ಷ. ಇಡೀ ತರಗತಿ ಬರೆದದ್ದು ಅದನ್ನೇ. ಹೊನ್ನೂರುಸ್ವಾಮಿ ಮಾತ್ರ ಮಣ್ಣನ್ನೂ ಅದಿರನ್ನೂ ಕೂಡಿಸಿ ಮೂರು ಲಕ್ಷ ಟನ್ ಹಿಡಿದು, ಒಂದೂವರೆ ಕೋಟಿ ಎಂದು ಬರೆದಿದ್ದರು. ತರಗತಿಯ ಪರೀಕ್ಷೆಯಲ್ಲಿ ಹಾಗೆ ಬರೆದರು, ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಹಾಗೆ ಬರೆದರು, ಮರುವರ್ಷ ಅಂಕಿಗಳು ಬದಲಾಗಿ ಅದೇ ಲೆಕ್ಕ ಬಂದಾಗಲೂ ಹಾಗೆಯೇ ಬರೆದರು. ದೊಡ್ಡ ಪ್ರಶ್ನೆ ಅದು. ಮೊದಲ ಸಾಲು ತಪ್ಪಿದರೆ ಕೆಳಗಿನದೆಲ್ಲ ತಪ್ಪುತ್ತದೆ. ಎರಡು ಸಲವೂ ಪಾಸಾಗಲು ಬೇಕಿದ್ದ ಅಂಕಗಳು ಹೋದದ್ದು ಅಲ್ಲಿಯೇ.

"ಮಣ್ಣನ್ನ ಯಾಕ್ರಿ ಕೂಡಿಸ್ತೀರಿ?" ಎಂದು ಗಾಯತ್ರಿ ಮೇಡಂ ಒಮ್ಮೆ ಬೋರ್ಡಿನ ಮುಂದೆಯೇ ಕೇಳಿದರು. "ನಿಮ್ಮ ಲೆಕ್ಕ ಹಿಡಿದ್ರೆ ಏಳು ವರ್ಷದೊಳಗ ಗುಡ್ಡ ಖಾಲಿ. ಅದಿರು ಇನ್ನೂ ಹದಿಮೂರು ವರ್ಷದ್ದು ಐತಿ. ಅದನ್ನೇನು ಪುಕ್ಕಟೆ ಅಗೀತಾರಾ?"

"ಅಷ್ಟರಾಗ ನನ್ನ ಬೆನ್ನು ಖಾಲಿ ಆಗಿರ್ತೈತ್ರಿ ಮೇಡಂ."

ತರಗತಿ ನಕ್ಕಿತು. ಮೇಡಂ ನಗಲಿಲ್ಲ. "ತಿಳೀಲಿಲ್ಲ ಅಂತಲ್ಲ ನಿಮಗ. ತಿಳಿದೂ ಕೂಡಿಸ್ತೀರಿ. ಯಾಕ?"

ಹೊನ್ನೂರುಸ್ವಾಮಿ ಕಿಟಕಿ ಕಟ್ಟೆಯ ಮೇಲೆ ಪೆನ್ನು ಇಟ್ಟರು. "ಅದನ್ನೂ ನಾನೇ ಹೊತ್ತೀನಲ್ರಿ" ಎಂದರು.

ಈ ತಪ್ಪು ಗುಡ್ಡದ ಮೇಲೆ ದುಡಿದವನಿಗಷ್ಟೇ ಸಾಧ್ಯ. ಡಂಪರ್ ಚಾಲಕರ ಜಗತ್ತಿನಲ್ಲಿ ಅಳತೆ ಎಂದರೆ ಟ್ರಿಪ್. ಪಾಳಿಗೆ ಇಷ್ಟು ಟ್ರಿಪ್, ಅದರ ಮೇಲೆ ಹೊಡೆದರೆ ಬೋನಸ್. ಹಿಂದೆ ತುಂಬಿದ್ದು ಅದಿರೋ ಮಣ್ಣೋ, ಟ್ರಿಪ್ ಟ್ರಿಪ್ಪೇ. ಅದಿರು ಒಂದು ದಾರಿ ಹಿಡಿದು ಕ್ರಷರಿಗೆ ಹೋಗುತ್ತದೆ. ಮೇಲೆ ಮುಚ್ಚಿದ್ದ ಮಣ್ಣು, ಕಲ್ಲು ಇನ್ನೊಂದು ದಾರಿಯಲ್ಲಿ ಡಂಪ್ ಎಂಬ ರಾಶಿಗೆ ಹೋಗುತ್ತದೆ. ಒಂದು ಟ್ರಿಪ್ ಅದಿರಿಗೆ ಎರಡು ಟ್ರಿಪ್ ಮಣ್ಣು. ಮಣ್ಣನ್ನು ಲೆಕ್ಕದಿಂದ ಬಿಡುವುದೆಂದರೆ ಹೊನ್ನೂರುಸ್ವಾಮಿಗೆ ತಮ್ಮ ದುಡಿಮೆಯ ಹೆಚ್ಚಿನ ಪಾಲನ್ನು ಬಿಟ್ಟಂತೆ. ಅವರ ಕೈ ಅದಕ್ಕೆ ಒಪ್ಪುತ್ತಿರಲಿಲ್ಲ.

ಕಾಮರ್ಸ್ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಇಂಡಸ್ಟ್ರಿಯಲ್ ವಿಸಿಟ್ ಎಂದು ವಿದ್ಯಾರ್ಥಿಗಳನ್ನು ಯಾವುದಾದರೂ ಕಾರ್ಖಾನೆಗೆ ಕರೆದೊಯ್ಯುವ ರೂಢಿ ಇದೆ. ಆ ವರ್ಷ ಗಾಯತ್ರಿ ಮೇಡಂ ಗಣಿಗೆ ಹೋಗೋಣ ಎಂದರು. ಹೊನ್ನೂರುಸ್ವಾಮಿ ಮ್ಯಾನೇಜರರಿಂದ ಅನುಮತಿ ತಂದರು. ಮಳೆ ನಿಂತು ಗುಡ್ಡಗಳು ಹಸಿರಾಗಿದ್ದ ಒಂದು ಮುಂಜಾನೆ ಕಂಪನಿಯ ಬಸ್ಸು ಹೊಸಪೇಟೆಯಿಂದ ಅವರನ್ನೆಲ್ಲ ಹತ್ತಿಸಿಕೊಂಡು ಬಂತು.

ಗೇಟಿನಲ್ಲಿ ಎಲ್ಲರಿಗೂ ಹೆಲ್ಮೆಟ್ ಕೊಟ್ಟರು. ಮಾರೇಶ ತನ್ನದನ್ನು ಹಾಕಿಕೊಂಡು ಹತ್ತು ಸೆಲ್ಫಿ ತೆಗೆದ. ಗಣಿಯ ಅಂಚಿನಲ್ಲಿ ಬೇಲಿ ಹಾಕಿದ ಕಟ್ಟೆಯೊಂದಿದೆ. ಅಲ್ಲಿ ನಿಂತಾಗ ಮಾತ್ರ ಅವನ ಮೊಬೈಲು ಕೆಳಗಿಳಿಯಿತು.

ಕೆಳಗೆ ಗುಡ್ಡದ ಒಳಗು ತೆರೆದುಕೊಂಡಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು, ಅದರ ಕೆಳಗೆ ಕಂದು, ಇನ್ನೂ ಕೆಳಗೆ ನೀಲಿ ಮಿಶ್ರಿತ ಕಪ್ಪು. ಒಂದೊಂದು ಮೆಟ್ಟಿಲೂ ಎರಡಂತಸ್ತಿನ ಮನೆಯೆತ್ತರ. ತಳದಲ್ಲಿ ಓಡಾಡುತ್ತಿದ್ದ ಡಂಪರುಗಳು ಅಲ್ಲಿಂದ ಬೆಂಕಿಪೊಟ್ಟಣದಂತೆ ಕಾಣುತ್ತಿದ್ದವು. ಅವುಗಳ ಸದ್ದು ಮಾತ್ರ ಎದೆಗೆ ತಾಕುತ್ತಿತ್ತು. ಬೋರ್ಡಿನ ಮೇಲೆ 'ಇಪ್ಪತ್ತು ಲಕ್ಷ ಟನ್' ಎಂದು ಸೀಮೆಸುಣ್ಣದಿಂದ ಬರೆದಿದ್ದ ಗಾಯತ್ರಿ ಮೇಡಂ ಬೇಲಿ ಹಿಡಿದು ಬಹಳ ಹೊತ್ತು ನಿಂತರು.

"ಇಷ್ಟು ವರ್ಷ ಪಾಠ ಮಾಡೀನಿ" ಎಂದರು ಕೊನೆಗೆ. "ಕಣ್ಣಿಂದ ಈಗ ನೋಡಿದೆ."

ಅಷ್ಟರಲ್ಲಿ ಏರು ಹತ್ತಿ ಬಂದ ಡಂಪರೊಂದು ಕಟ್ಟೆಯ ಹತ್ತಿರ ನಿಧಾನಿಸಿತು. ಮೇಲಿಂದ ಹುಲುಗಪ್ಪನ ತಲೆ ಹೊರಬಂತು. "ಏನ್ಲೇ ಹೊನ್ನೂರಾ! ಸಾಲಿ ಹುಡುಗರ ಕೂಡ ಬಂದೀಯಲ್ಲ, ಮೀಸಿ ಆದ್ರೂ ಬೋಳಿಸಿಕೊಂಡು ಬರಬಾರದೇನು?"

"ಮುಂದ ನೋಡಿ ಓಡಿಸಲೇ, ಮೇಡಂ ಅದಾರ!"

"ಹೌದಾ? ನಮಸ್ಕಾರ್ರಿ ಮೇಡಂ. ಇವನ್ನ ಪಾಸ್ ಮಾಡಿಬಿಡ್ರಿ, ನಮ್ಮ ತಲಿ ತಿನ್ನೋದು ತಪ್ಪತೈತಿ."

ಡಂಪರ್ ಹೋಯಿತು. ಕೆಂಪು ಧೂಳು ಇಳಿದ ಮೇಲೆ ಮೇಡಂ ಗಣಿಯ ಆಚೆ ಬದಿಗೆ ಕೈ ತೋರಿದರು. ಅಲ್ಲಿ ಉದ್ದಕ್ಕೆ ಹಬ್ಬಿದ ಹಸಿರು ಗುಡ್ಡವೊಂದಿತ್ತು. ಹೊಂಗೆ, ಬೇವು, ಸೀತಾಫಲ, ನಡುನಡುವೆ ಬಿದಿರಿನ ಮೆಳೆ.

"ಆ ಗುಡ್ಡ ಯಾವಾಗ ಅಗೀತಾರ್ರಿ?"

"ಅದನ್ನ ಅಗಿಯಂಗಿಲ್ರಿ ಮೇಡಂ" ಎಂದರು ಹೊನ್ನೂರುಸ್ವಾಮಿ. "ಅದು ಗುಡ್ಡ ಅಲ್ಲ. ಡಂಪ್. ಇಲ್ಲಿಂದ ತಗದ ಮಣ್ಣು. ನಾವು ಹಾಕಿದ್ದು."

ಮಾರೇಶ ಗಣಿಯ ತಗ್ಗನ್ನು ನೋಡಿದ, ಆಚೆಯ ಗುಡ್ಡವನ್ನು ನೋಡಿದ, ಮತ್ತೆ ತಗ್ಗನ್ನು ನೋಡಿದ. ಅವನು ಹುಟ್ಟಿ ಬೆಳೆದದ್ದು ಹಂಪಿಯಲ್ಲಿ, ಬಂಡೆ ಕಡಿದು ಊರು ಕಟ್ಟಿದವರ ಜಾಗದಲ್ಲಿ. ದೊಡ್ಡದು ಎಂಬುದು ಅವನಿಗೆ ಹೊಸದಲ್ಲ. ಆದರೆ ಅದನ್ನು ಕಟ್ಟಿದವರು ಯಾರೂ ಅವನ ಬೆಂಚಿನ ಹಿಂದೆ ನಿಂತು ಪಾಠ ಕೇಳಿರಲಿಲ್ಲ.

"ಅಷ್ಟನ್ನೂ ನೀವ ಹಾಕಿದ್ದಾ ಮಾಮ?"

"ನಾ ಒಬ್ಬನಾ? ಹುಲುಗಪ್ಪ, ಇನ್ನೂ ಭಾಳ ಮಂದಿ. ನಂದು ಕೆಳಗಿನ ಮೂರು ಪದರ." ಆಮೇಲೆ ಹೊನ್ನೂರುಸ್ವಾಮಿ ಮೇಡಂ ಕಡೆ ತಿರುಗಿದರು. ಬಹಳ ದಿನದಿಂದ ಹೊತ್ತುಕೊಂಡ ಪ್ರಶ್ನೆ ಅದು. "ಪುಸ್ತಕದಾಗ ಇದು ಎಲ್ಲೈತ್ರಿ ಮೇಡಂ? ಅದಿರಿಗೆ ಟನ್ನಿಗಿಷ್ಟು ಅಂತ ಬರೀತೀರಿ. ಇಷ್ಟು ದೊಡ್ಡದನ್ನ ಎಲ್ಲಿ ಬರೀತಾರ?"

ಗಾಯತ್ರಿ ಮೇಡಂ ಉತ್ತರಿಸುವ ಮೊದಲು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದರು. ಆ ವರ್ಷವಷ್ಟೇ ಪಠ್ಯಕ್ಕೆ ಸೇರಿದ್ದ, ಮುಂದಿನ ತಿಂಗಳು ಮಾಡಬೇಕಿದ್ದ ಪಾಠವನ್ನು ಬೋರ್ಡಿಲ್ಲದೆ, ಆ ಬೇಲಿಯ ಹತ್ತಿರವೇ ಶುರು ಮಾಡಿದರು.

"ಮಣ್ಣು ಸರಿಸಿದ ಖರ್ಚಿಗೆ ಬೇರೆ ಸಾಲು ಐತಿ. ಅದು ಅದಿರಿನ ಟನ್ನಿನಾಗ ಸೇರಂಗಿಲ್ಲ. ಆದ್ರೆ ಅಷ್ಟಕ್ಕ ಮುಗೀಲಿಲ್ಲ. ಗಣಿ ಮುಗಿದ ಮ್ಯಾಲೆ ಈ ತಗ್ಗು, ಆ ರಾಶಿ ಎರಡನ್ನೂ ಸರಿ ಮಾಡಿ, ಗಿಡ ಹಚ್ಚಿ ಹೋಗಬೇಕು. ಆ ಹೊಣೆ ಯಾವತ್ತು ಹುಟ್ಟತೈತಿ ಹೇಳ್ರಿ?"

"ಗಣಿ ಮುಚ್ಚಿದ ದಿನ" ಎಂದ ಮಾರೇಶ.

"ಅಲ್ಲ. ಮೊದಲ ಗುದ್ದಲಿ ಬಿದ್ದ ದಿನ. ನೆಲ ಕೆಡಿಸಿದ ದಿನಾನೇ ಸರಿ ಮಾಡೋ ಹೊಣೆ ಹುಟ್ಟಿತು. ಮೂವತ್ತು ವರ್ಷದ ಮ್ಯಾಲೆ ಅದಕ್ಕ ಎಷ್ಟು ಖರ್ಚಾಗಬಹುದು ಅಂತ ಅಂದಾಜು ಮಾಡಿ, ಅದನ್ನ ಇವತ್ತಿನ ಬೆಲೆಗೆ ಕುಗ್ಗಿಸಿ, ಗಣಿ ತೆರೆದಾಗಲೇ ಬರೆದಿಡಬೇಕು. ಅದಕ್ಕ ಪ್ರಾವಿಷನ್ ಅಂತಾರೆ. ಆಮೇಲೆ ವರ್ಷಾ ವರ್ಷಾ ಅದು ಬೆಳೀತಾ ಹೋಗತೈತಿ. ಮುಚ್ಚೋ ದಿನ ಹತ್ರ ಬಂದಂಗೆಲ್ಲ ದೊಡ್ಡದಾಗತೈತಿ. ಒಂದು ಕಡೆ ಗುಡ್ಡ ಕರಗತೈತಿ, ಇನ್ನೊಂದು ಕಡೆ ಹೊಣೆ ಬೆಳೀತೈತಿ. ಎರಡೂ ಒಂದೇ ಪುಸ್ತಕದಾಗ."

ಹೊನ್ನೂರುಸ್ವಾಮಿ ಡಂಪಿನ ಕಡೆಯೇ ನೋಡುತ್ತಿದ್ದರು. "ಅಂದ್ರ ನಾ ಮೊದಲ ಟ್ರಿಪ್ ಹೊಡದ ದಿನ ಈ ಬೇವಿನ ಗಿಡ ಪುಸ್ತಕದಾಗ ಇತ್ತೇನ್ರಿ?"

ಮೇಡಂ ಹೆಲ್ಮೆಟ್ಟನ್ನು ಇನ್ನೊಂದು ಕೈಗೆ ಬದಲಿಸಿದರು. "ಆಗ ಬರೆದಿದ್ರೋ ಇಲ್ಲೋ ನನಗ ಗೊತ್ತಿಲ್ರಿ. ಬರೀಬೇಕು ಅನ್ನೋ ನಿಯಮ ಗಟ್ಟಿ ಆಗಿದ್ದು ಈಚೆಗೆ. ಈಗ ಬರೀತಾರೆ. ವರ್ಷಾ ಮತ್ತೆ ನೋಡಿ ತಿದ್ದತಾರೆ."

"ಕೂಸು ಹುಟ್ಟಿದ ದಿನಾನೇ ಮಣ್ಣಿಗೆ ಇಡೋ ಖರ್ಚು ಬರದಂಗಾತಲ್ರಿ" ಎಂದರು ಹೊನ್ನೂರುಸ್ವಾಮಿ.

"ಮಣ್ಣಿಗೆ ಇಡೋ ಖರ್ಚಲ್ಲ, ಮತ್ತೆ ಚಿಗುರಿಸೋದರದ್ದು."

ಅವತ್ತು ಬಸ್ಸು ಗುಡ್ಡ ಇಳಿದು ಹೋಗುವಾಗ ಹುಡುಗರು ಹಾಡು ಹಾಕಲಿಲ್ಲ. ಹೊನ್ನೂರುಸ್ವಾಮಿ ಗೇಟಿನಲ್ಲೇ ಉಳಿದು ಮಧ್ಯಾಹ್ನದ ಪಾಳಿಗೆ ಕೂತರು. ರಾತ್ರಿ ಮನೆಯಲ್ಲಿ ಶಾಂತಕ್ಕ ರೊಟ್ಟಿ ತಟ್ಟುತ್ತಿದ್ದಾಗ ಗೋಡೆಗೆ ಒರಗಿ ನಿಂತು ಇಡೀ ಪಾಠವನ್ನು ಅವರಿಗೆ ಒಪ್ಪಿಸಿದರು. ಮಣ್ಣಿಗೆ ಬೇರೆ ಸಾಲು ಇದೆ ಎಂಬುದನ್ನು ಎರಡು ಸಲ ಹೇಳಿದರು.

"ಹಂಗಾದ್ರ ಇನ್ನ ಅದನ್ನ ಅದಿರಿನಾಗ ಕೂಡಿಸಂಗಿಲ್ಲ ಹೌದಿಲ್ಲೋ?" ಎಂದರು ಶಾಂತಕ್ಕ, ಹಂಚಿನಿಂದ ಕಣ್ಣೆತ್ತದೆ.

"ಯಾಕ ಕೂಡಿಸಲಿ? ಅದಕ್ಕ ಅದರದ ಜಾಗ ಐತಲ್ಲ."

ಪರೀಕ್ಷೆ ಬಂತು. ಮೂರು ತಾಸು ಬೆಂಚಿನ ಮೇಲೆ ಕೂರುವುದು ಹೊನ್ನೂರುಸ್ವಾಮಿಗೆ ಆಗದ ಮಾತು. ಹಿಂದಿನ ಎರಡು ಸಲವೂ ಕೊನೆಯ ತಾಸು ನೋವಿನಲ್ಲೇ ಕಳೆದಿತ್ತು. ಈ ಸಲ ಡಾಕ್ಟರ ಚೀಟಿ ಕೊಟ್ಟು, ನಿಂತು ಬರೆಯಲು ಒಪ್ಪಿಗೆ ಪಡೆದರು. ಹಿಂದಿನ ಕಿಟಕಿಯ ಅದೇ ಕಲ್ಲಿನ ಕಟ್ಟೆ ಅವರ ಮೇಜಾಯಿತು. ಪ್ರಶ್ನೆಪತ್ರಿಕೆ ತಿರುವಿದಾಗ ಗಣಿಯ ಲೆಕ್ಕ ಇತ್ತು. ಅದರ ಕೆಳಗೆ, ಮುಚ್ಚುವಾಗಿನ ಖರ್ಚಿಗೆ ಪ್ರಾವಿಷನ್ ಬರೆಯಿರಿ ಎಂಬ ಭಾಗವೂ ಇತ್ತು.

ಸರಿಸಿದ ಮಣ್ಣಿನ ಟನ್ನು ಪ್ರಶ್ನೆಯಲ್ಲಿ ಎಂದಿನಂತೆ ಕಾದು ಕೂತಿತ್ತು. ಅವರು ಅದನ್ನು ಓದಿದರು, ಅದರ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು, ಅದಿರಿನ ಟನ್ನನ್ನು ಮಾತ್ರ ತೆಗೆದುಕೊಂಡು ಮುಂದೆ ಹೋದರು. ಪ್ರಾವಿಷನ್ನಿನ ಭಾಗ ಬರೆಯುವಾಗ ಅವರ ಬರವಣಿಗೆ ನಿಧಾನವಾಯಿತು. ಮೂವತ್ತು ವರ್ಷ ಆಚೆಯ ಒಂದು ಮೊತ್ತ ವರ್ಷ ವರ್ಷ ಹಿಂದಕ್ಕೆ ನಡೆದು ಬಂದು, ಇವತ್ತಿನ ಪುಟದಲ್ಲಿ ಪುಟ್ಟದಾಗಿ ನಿಲ್ಲುವುದನ್ನು ಅವರು ತಮ್ಮ ಕೈಯಿಂದಲೇ ಬರೆಯುತ್ತಿದ್ದರು. ಮೇಲ್ವಿಚಾರಕರು ಹತ್ತಿರ ಬಂದು "ಏನಾದ್ರೂ ತೊಂದರೆನಾ?" ಎಂದು ಕೇಳಿದಾಗಲೇ ತಾವು ಪೆನ್ನು ಎತ್ತಿ ಕಿಟಕಿಯಾಚೆ ನೋಡುತ್ತಾ ನಿಂತದ್ದು ಅವರ ಅರಿವಿಗೆ ಬಂತು.

"ಏನಿಲ್ರಿ" ಎಂದು ಮತ್ತೆ ಪೆನ್ನು ಊರಿದರು.

ಫಲಿತಾಂಶ ಬಂದ ದಿನ ಟೈಮ್ ಆಫೀಸಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಹೊಸಪೇಟೆಯಿಂದ ಮಾರೇಶ ಫೋನಿನ ಮೇಲೆ ಫೋನು ಮಾಡಿ, ಸಿಗದೆ, ಕೊನೆಗೆ ಗೇಟಿನ ಲ್ಯಾಂಡ್‌ಲೈನಿಗೆ ಹೇಳಿದ. ಗೇಟಿನವರು ಹುಲುಗಪ್ಪನಿಗೆ ಹೇಳಿದರು. ಹುಲುಗಪ್ಪ ಡಂಪರನ್ನು ಟೈಮ್ ಆಫೀಸಿನ ಮುಂದೆ ನಿಲ್ಲಿಸಿ, ಅಲ್ಲಿ ನಿಲ್ಲಿಸಬಾರದೆಂಬ ಬೋರ್ಡಿನ ಪಕ್ಕದಲ್ಲೇ, ಉದ್ದಕ್ಕೆ ಹಾರ್ನ್ ಹೊಡೆದರು.

"ಪಾಸಾಗೀಯಲೇ! ಇನ್ನ ನಮ್ಮ ಟ್ರಿಪ್ಪಿಗೆ ಕತ್ತರಿ ಹಾಕಬ್ಯಾಡ ಮತ್ತ!"

ಅಂಕ ಹೆಚ್ಚೇನೂ ಬಂದಿರಲಿಲ್ಲ. ಬೇಕಾದಷ್ಟು ಬಂದಿತ್ತು.

ಶಾಂತಕ್ಕ ಆ ಸಂಜೆ ಎಮ್ಮಿಗನೂರಿಗೆ ಫೋನು ಮಾಡಿ ಅಣ್ಣಂದಿರಿಗೆ ಹೇಳಿದರು. "ಗುಬ್ಬಿ ಓಡಿಸಾಕ ಬ್ಯಾರೆಯವರನ್ನ ನೋಡಿಕೊಳ್ರಿ."

ಲೆಕ್ಕಪತ್ರ ವಿಭಾಗದಲ್ಲಿ ಹೊನ್ನೂರುಸ್ವಾಮಿಗೆ ಮೊದಲು ಸಿಕ್ಕ ಕೆಲಸ ಕುರ್ಚಿಯ ಮೇಲಿನದಲ್ಲ. ಗಣಿ ಮುಚ್ಚುವ ಪ್ರಾವಿಷನ್ನನ್ನು ಪ್ರತಿ ವರ್ಷ ಮತ್ತೆ ಅಂದಾಜು ಮಾಡುತ್ತಾರೆ. ಅದಕ್ಕೆ ಡಂಪಿನ ಮೇಲೆ ಹಚ್ಚಿದ ಸಸಿಗಳಲ್ಲಿ ಎಷ್ಟು ಬದುಕಿವೆ, ಎಷ್ಟು ಒಣಗಿವೆ ಎಂದು ಯಾರಾದರೂ ಹೋಗಿ ನೋಡಿ ಬರಬೇಕು. ಸತ್ತಷ್ಟನ್ನು ಮತ್ತೆ ಹಚ್ಚಬೇಕು, ಅದರ ಖರ್ಚು ಹೊಣೆಗೆ ಸೇರಬೇಕು. ನಡೆದಾಡುವ ಕೆಲಸ. ಅವರ ಬೆನ್ನಿಗೂ ಅದೇ ಒಳ್ಳೆಯದು ಎಂದು ಮ್ಯಾನೇಜರು ಅವರನ್ನೇ ಕಳಿಸಿದರು.

ಡಂಪ್ ಹತ್ತಿ ಅವರು ಎಂದೂ ನಡೆದಿರಲಿಲ್ಲ. ಅದರ ಅಂಚಿಗೆ ಹಿಮ್ಮುಖವಾಗಿ ಬಂದು, ಹೊರೆ ಸುರಿದು, ಮುಂದಿನ ಟ್ರಿಪ್ಪಿಗೆ ಓಡುವುದಷ್ಟೇ ಗೊತ್ತಿತ್ತು. ಈಗ ಕೆಳಗಿನ ಮೂರನೇ ಪದರದ ಮೇಲೆ ಕಾಲಿಟ್ಟಾಗ ಬೂಟಿನ ಕೆಳಗೆ ಒಣ ಎಲೆ ಸದ್ದು ಮಾಡಿತು. ಬೇವು ಅವರ ತಲೆಗಿಂತ ಎತ್ತರ ಹೋಗಿತ್ತು. ಸೀತಾಫಲದಲ್ಲಿ ಕಾಯಿ ಕಟ್ಟಿತ್ತು. ಯಾರೂ ಕರೆಯದೆ ಬಂದ ಲಂಟಾನ, ಹುಲ್ಲು, ಇರುವೆಯ ಹುತ್ತ. ಬುಡದಲ್ಲಿ ಮಳೆಗೆ ಕೊರೆದ ಕಡೆ ಮಾತ್ರ ಒಳಗಿನ ಹಳದಿ ಕಲ್ಲು ಕಾಣುತ್ತಿತ್ತು. ಆ ಹಳದಿ ಗಣಿಯ ಯಾವ ಮಗ್ಗುಲಿನದು ಎಂದು ಅವರಿಗೆ ಗೊತ್ತಿತ್ತು. ಆ ಮಗ್ಗುಲು ಈಗ ಅಲ್ಲಿ ಇಲ್ಲ. ಇಲ್ಲಿದೆ.

ಒಣಗಿದ್ದವನ್ನು ಒಣಗಿದ್ದವೆಂದೇ ಗುರುತು ಹಾಕಿಕೊಂಡು ಅವರು ಸಾಲು ಸಾಲಾಗಿ ಮೇಲೆ ಹತ್ತಿದರು. ಊಟದ ಹೊತ್ತಿಗೆ ಶಾಂತಕ್ಕನ ಫೋನು ಬಂತು.

"ಎಲ್ಲಿ ಅದೀರಿ? ರೊಟ್ಟಿ ಆರಾಕತ್ಯಾವ."

"ಗುಡ್ಡದ ಮ್ಯಾಲೆ ನಿಂತೀನಿ. ನೆಳ್ಳಾಗ."

"ಗುಡ್ಡದ ಮ್ಯಾಲಾ? ಡಾಕ್ಟರ್ ಗಾಡಿ ಹತ್ತಬ್ಯಾಡ ಅಂದಾರಲ್ರಿ! ಯಾವ ಗುಡ್ಡ?"

ಹೊನ್ನೂರುಸ್ವಾಮಿ ಬೇವಿನ ಕಾಂಡದ ಮೇಲೆ ಕೈ ಇಟ್ಟು ಸುತ್ತ ನೋಡಿದರು. ಒಂದು ಕಡೆ ತಗ್ಗು, ಅದರಲ್ಲಿ ಬೆಂಕಿಪೊಟ್ಟಣದಷ್ಟು ಹುಲುಗಪ್ಪನ ಗಾಡಿ. ಇನ್ನೊಂದು ಕಡೆ ಕಾಲ ಕೆಳಗಿನ ಹಸಿರು.

"ನಾವ ಮಾಡಿದ್ದು" ಎಂದರು.